ಹೆಬ್ಬೆರಳಿನ ಜಾಗ

ಆ ಭಾನುವಾರ ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ಅವಳು ಚಹಾ ಬಗ್ಗಿಸುವುದನ್ನೇ ನೋಡುತ್ತಿದ್ದ. ಮೂರು ದಿನದಿಂದ ಇದೇ ಆಟ.

“ಮೂವತ್ತು ವರ್ಷ ನೋಡಿದ ಮುಖ. ಈಗೇನು ಹೊಸದಾಗಿ?” ಎಂದಳು.

“ಮುಖ ಯಾರು ನೋಡ್ತಾರೆ? ಕೈ ನೋಡ್ತಿದೀನಿ.”

ನೋಡುವಂಥ ಕೈಯೇನೂ ಅಲ್ಲ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಶಕ್ತಿ ಬರಲಿಲ್ಲ. ತುಂಬಿದ ಕೆಟಲ್ ಎತ್ತಿದರೆ ಕೈ ನಡುಗುತ್ತಿತ್ತು.

ಗಂಡ ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಬಕೆಟ್ಟಿನ ಹಿಡಿ, ಕುಕ್ಕರಿನ ಹಿಡಿ, ಹೀಗೆ ಹಿಡಿಗಳೇ ಹೆಚ್ಚು. ಮೊದಲು ಹಲಗೆಯ ಮೇಲೆ ಬರೆಯುತ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು. ನಲವತ್ತೈದು ದಾಟಿದ ಮೇಲೆ ಅದನ್ನು ಕಲಿತ. ಕಲಿತದ್ದನ್ನು ಊಟಕ್ಕೆ ಕೂತಾಗ ಅವಳಿಗೆ ಒಪ್ಪಿಸುತ್ತಿದ್ದ.

“ಅದರಲ್ಲಿ ಗಾಳಿಯಲ್ಲಿ ಗೆರೆ ಎಳೆಯೋಕೆ ಬರಲ್ಲ ಕಣೇ. ವಸ್ತುವಿನ ಯಾವ ಮೈ ಅಂತ ಮೊದಲು ಮುಟ್ಟಿ ತೋರಿಸಬೇಕು. ಸಪಾಟು ಮೈ ಆದ್ರೆ ನಮ್ಮ ಕಡೆ ತಿರುಗಿ ನಿಂತು, ಬರಿ ಅನ್ನುತ್ತೆ. ಬಾಗಿದ ಮೈಗೆ ಸೊಕ್ಕು. ಅದರ ಮುಂದೆ ಒಂದು ಸಪಾಟು ಹಾಳೆ ಇಟ್ಟು, ಹಾಳೆ ಮೇಲೆ ಬರೆದು, ಆ ಗೆರೆನ ನೆರಳಿನ ಹಾಗೆ ಅದರ ಮೇಲೆ ಬೀಳಿಸಬೇಕು.”

“ಸೊಕ್ಕು ಅಂದಾಗ ನನ್ನ ಕಡೆ ಯಾಕೆ ನೋಡ್ತೀರಿ?”

ಕಂಪ್ಯೂಟರಿನಲ್ಲಿ ಬಗೆಹರಿಯದಿದ್ದರೆ ಮನೆಗೆ ಬಂದು ಬಿಳಿ ಮೇಣದ ಪೆನ್ಸಿಲ್ಲಿನಿಂದ ಸಿಕ್ಕಿದ್ದರ ಮೇಲೆಲ್ಲ ಬರೆಯುತ್ತಿದ್ದ. ಸೋಪು, ಚೆಂಡು, ಬೋಗುಣಿಯ ತಳ, ಯಾವುದನ್ನೂ ಬಿಡುತ್ತಿರಲಿಲ್ಲ. ಅವಳು ಗೊಣಗುತ್ತಾ ತೊಳೆಯುತ್ತಿದ್ದಳು.

ಅವತ್ತು ಮಧ್ಯಾಹ್ನ ತಂಗಿ ಬಂದಳು. ಕೆಟಲ್ಲಿನ ಕಪ್ಪು ಹಿಡಿಯ ಮೇಲೆ ಬಿಳಿ ಸುತ್ತು ಕಂಡು ಕಿಸಕ್ಕೆಂದಳು. “ಏನು ಭಾವ, ಕೆಟಲ್‌ಗೂ ಕಣ್ಣು ಬರೆದಿದ್ದೀರಾ?”

ತಂಗಿಯ ಮನೆಯ ಪಾತ್ರೆಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಅಕ್ಕನ ಮುಖ ಬಿಸಿಯಾಯಿತು. “ಮೂವತ್ತು ವರ್ಷ ಗೆರೆ ಎಳೆದದ್ದೇ ಬಂತು. ಎಳೆದ ಗೆರೆಯಿಂದ ಒಂದು ಗೋಡೆ ಎದ್ದಿಲ್ಲ,” ಎಂದುಬಿಟ್ಟಳು.

ಗಂಡ ನಕ್ಕ. ಕಣ್ಣಲ್ಲಿ ನಗು ಇರಲಿಲ್ಲ. “ಎಷ್ಟು ಬೇಕಾದ್ರೂ ಬೈಕೋ. ಅದನ್ನ ಮಾತ್ರ ಅಳಿಸಬೇಡ. ನಾಳೆ ಅಳತೆ ತಗೋಬೇಕು.”

ಅವಳಿಗೆ ಕೇಳಿಸಿತ್ತು. ಕೇಳಿಸಿಯೂ, ತಂಗಿ ಹೋದ ಮೇಲೆ, ನಾರು ಹಾಕಿ ಗಸಗಸ ತಿಕ್ಕಿದಳು.

ಬೆಳಗ್ಗೆ ಗಂಡ ಕೆಟಲ್ ಎತ್ತಿ ಹಿಡಿಯನ್ನು ತಿರುಗಿಸಿ ನೋಡಿದ. ಜಗಳಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. “ಹೋಗಲಿ ಬಿಡು,” ಎಂದ. ಚಹಾ ಕುಡಿದು ಹೊರಟ. ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕುಸಿದನಂತೆ. ಹತ್ತು ಗಂಟೆಗೆ ಫೋನ್ ಬಂತು. ಅಷ್ಟೇ.

ತಿಂಗಳು ಕಳೆದ ಮೇಲೆ ಗಂಡನ ಪಕ್ಕದ ಮೇಜಿನವನು ಮನೆಗೆ ಬಂದ. ಅವನೂ ನಕ್ಷೆಯವನೇ, ಅವಳ ಗಂಡನಿಂದಲೇ ಕೆಲಸ ಕಲಿತವನು.

“ಅತ್ತಿಗೆ, ಅಣ್ಣನ ಕಂಪ್ಯೂಟರಿನಲ್ಲಿ ಕೆಟಲ್‌ನ ಹಿಡಿ ಒಂದಿದೆ. ಕಾರ್ಖಾನೇದಲ್ಲ. ‘ಮನೆಯವಳಿಗೆ’ ಅಂತ ಹೆಸರಿಟ್ಟಿದ್ದಾರೆ. ಹಿಡಿ ಮೇಲೆ ಅಂದಾಜಿಗೆ ಒಂದು ಸುತ್ತು ಬೀಳಿಸಿ, ‘ಕೆಟಲ್ ನೋಡಿ ಸರಿಮಾಡಬೇಕು’ ಅಂತ ಬರೆದಿದ್ದಾರೆ. ಕೆಟಲ್ ಮೇಲೆ ಏನಾದ್ರೂ ಗುರುತಿತ್ತಾ?”

“ಇತ್ತು. ಅವರೇ ಅಳಿಸಿಬಿಟ್ರು.”

“ಹಾಗಾದ್ರೆ ಅಣ್ಣನಿಗೇ ಬೇಡ ಅನ್ನಿಸಿರಬೇಕು. ನಾನೂ ಆ ಸುತ್ತು ತೆಗೆದು, ಹಿಡಿ ಮಾಡಿಸಿ ತಂದುಕೊಡ್ತೀನಿ.”

ಅವಳು ಹೂಂ ಎಂದು ತಲೆಯಾಡಿಸಿದಳು. ಸತ್ತವನ ಮೇಲೆ ತಪ್ಪು ಹಾಕಿದರೆ, ಇಲ್ಲ ಅನ್ನಲು ಅವನು ಎದ್ದು ಬರುವುದಿಲ್ಲ.

ಹದಿನೈದು ದಿನಕ್ಕೆ ಹೊಸ ಹಿಡಿ ಬಂತು. ಕಪ್ಪು, ನುಣುಪು, ನೋಡಲು ಲಕ್ಷಣ. ಪಕ್ಕದ ಮೇಜಿನವನೇ ಬಂದು ಎರಡು ಸ್ಕ್ರೂ ಬಿಗಿದು ಕೂರಿಸಿದ. ಅವಳು ನೀರು ತುಂಬಿಸಿ ಎತ್ತಿದಳು. ಹೆಬ್ಬೆರಳು ಜಾರಿತು, ಕೆಟಲ್ ವಾಲಿತು, ನೀರು ಒಲೆಯ ಮೇಲೆಲ್ಲ ಚೆಲ್ಲಿತು.

ಅವನು ಹಿಡಿಯನ್ನೇ ನೋಡಿದ. “ಹೆಬ್ಬೆರಳು ಊರೋಕೆ ಜಾಗವೇ ಇಲ್ಲ. ಆ ಸುತ್ತು ಇದಕ್ಕೇ ಇದ್ದದ್ದು. ಅಲ್ಲಿ ಒಂದು ತಗ್ಗು ಮಾಡಬೇಕಿತ್ತು. ಅಣ್ಣ ಯಾಕೆ ಅಳಿಸಿದ್ರೋ! ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪುವವರಲ್ಲ. ಕೊನೇಲಿ ಸ್ವಲ್ಪ ಮಂಕಾಗಿದ್ರೇನೋ.”

ಅದೊಂದು ಮಾತು ಅವಳಿಗೆ ನುಂಗಲಾಗಲಿಲ್ಲ.

“ಅವರು ಮಂಕಾಗಿರಲಿಲ್ಲ,” ಎಂದಳು. “ಅಳಿಸಿದ್ದು ನಾನು. ಅಳಿಸಬೇಡ ಅಂದಿದ್ರು. ತಂಗಿ ನಕ್ಕಳು ಅಂತ ತಿಕ್ಕಿಬಿಟ್ಟೆ. ಆಮೇಲೆ ನಿಮ್ಮ ಹತ್ರ ಸುಳ್ಳು ಹೇಳಿದೆ.”

ಅವನು ಬಟ್ಟೆ ತೆಗೆದುಕೊಂಡು ಒಲೆ ಒರೆಸಿದ. ಹಿಂಡಿದ. ಮತ್ತೆ ಒರೆಸಿದ.

“ಆಯ್ತು ಅತ್ತಿಗೆ. ಸುತ್ತು ಎಲ್ಲಿತ್ತು ಅಂತ ಬರೆದು ತೋರಿಸಿ. ಮಿಕ್ಕಿದ್ದು ಹತ್ತು ನಿಮಿಷದ ಕೆಲಸ.”

ಗಂಡನ ಅಂಗಿಯ ಜೇಬಿನಿಂದ ಬಿಳಿ ಪೆನ್ಸಿಲ್ ತಂದಳು. ಹಿಡಿಯವರೆಗೆ ಕೈ ಹೋಯಿತು, ಅಲ್ಲೇ ನಿಂತಿತು. ಮೇಲೋ? ಪಕ್ಕಕ್ಕೋ? ಎಷ್ಟು ದೊಡ್ಡದು? ಮೂರು ದಿನ ಅವಳ ಕೈ ನೋಡಿ ನೋಡಿ ಗಂಡ ಬರೆದದ್ದು. ತಿಕ್ಕುವಾಗ ಅವಳು ಒಂದು ಸಲವೂ ಅದನ್ನು ನೋಡಿರಲಿಲ್ಲ.

“ನಾನು ನೋಡಲೇ ಇಲ್ಲ,” ಎಂದಳು. ಮುಖ ಎತ್ತಲಾಗಲಿಲ್ಲ.

“ಹೆಬ್ಬೆರಳು ನಿಮ್ಮದೇ ಅಲ್ವಾ,” ಎಂದ ಅವನು, ಚಪ್ಪಲಿ ಮೆಟ್ಟುತ್ತಾ. “ಜಾಗ ಸಿಕ್ಕಾಗ ಹೇಳಿ ಕಳಿಸಿ.”

ಇನ್ನೂ ಹೇಳಿ ಕಳಿಸಿಲ್ಲ. ದಿನಾ ಬೆಳಗ್ಗೆ ಎದ್ದು, ನೀರು ತುಂಬಿಸುವ ಮೊದಲು, ಹಿಡಿಯ ಮೇಲೆ ಬಿಳಿ ಸುತ್ತು ಬರೆಯುತ್ತಾಳೆ. ಅದರ ಮೇಲೆ ಹೆಬ್ಬೆರಳು ಊರಿ, ಒಂದೇ ಒಂದು ಲೋಟಕ್ಕೆ ಚಹಾ ಬಗ್ಗಿಸುತ್ತಾಳೆ. ಕೈ ನಡುಗುವುದನ್ನು ತಾನೇ ನೋಡುತ್ತಾಳೆ. ಜಾರಿದರೆ, ನಾಳೆ ಒಂದು ಎಳೆ ಆಚೆ. ಆಮೇಲೆ ಸುತ್ತನ್ನು ಚೆನ್ನಾಗಿ ನೋಡಿಕೊಂಡು ಒದ್ದೆ ಬೆರಳಿನಿಂದ ಒರೆಸುತ್ತಾಳೆ. ನಾರು ಮುಟ್ಟುವುದಿಲ್ಲ.