ಕಾದ ಹಂಚು, ತಂಬಿಗೆ ನೀರು

ಬ್ರೇಕ್ ತುಳಿದರೆ ಸಾಕು, ಗಾಡಿ ನಡುಗುತ್ತಿತ್ತು. ನಿಧಾನಕ್ಕೆ ಹೋಗುವಾಗ ಏನೂ ಇಲ್ಲ. ಡಂಬಳ ದಾಟಿ ಗದಗಿನ ಕಡೆ ಬರುವಾಗ ಸ್ವಲ್ಪ ವೇಗ ಹಿಡಿದು, ಎದುರಿಗೆ ಕುರಿಹಿಂಡು ಬಂತೆಂದು ಬ್ರೇಕಿನ ಮೇಲೆ ಕಾಲಿಟ್ಟರೆ, ಸ್ಟೇರಿಂಗ್ ಚಳಿಜ್ವರ ಬಂದವರ ಕೈಯಂತೆ ಅದುರುತ್ತಿತ್ತು. ಪೆಡಲ್ಲು ಪಾದದಡಿಯಲ್ಲಿ ಟಕಟಕ ಎನ್ನುತ್ತಿತ್ತು. ಗಾಡಿ ನಿಲ್ಲುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಅದು ನಿಂತ ಮೇಲೂ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇರುತ್ತಿತ್ತು.

ಆ ಗಾಡಿ ಈಗಲೂ ಬೆಟಗೇರಿಯ ನಮ್ಮ ಮನೆಯ ಅಂಗಳದಲ್ಲಿದೆ. ಬಣ್ಣ ಮಾಸಿದೆ, ಸೀಟಿನ ಬಟ್ಟೆ ಹರಿದಿದೆ, ಆದರೆ ಬ್ರೇಕ್ ಹಾಕಿದರೆ ನಡುಗುವುದಿಲ್ಲ. ನನ್ನ ಅತ್ತೆ ಮಾತ್ರ ಈಗ ಇಲ್ಲ. ಸಂಜೆ ಗೇಟು ತೆಗೆದು ಗಾಡಿ ಒಳಗೆ ಹಾಕುವಾಗ ಇವತ್ತಿಗೂ ಕಿವಿ ಚುಂಯ್ ಎನ್ನುವ ಒಂದು ಸದ್ದಿಗೆ ಕಾಯುತ್ತದೆ.

ಆಗ ನನಗೆ ಮುಂಡರಗಿಯಲ್ಲಿ ಕಚೇರಿ ಕೆಲಸ. ಬಸ್ಸಿನಲ್ಲಿ ಜೋತು ಬಿದ್ದು ಓಡಾಡಿ ಸಾಕಾಗಿ, ಯಾರೋ ಬಳಸಿ ಬಿಟ್ಟ ಈ ಗಾಡಿಯನ್ನು ತೆಗೆದುಕೊಂಡಿದ್ದೆ. ನಡೆಸುವುದನ್ನು ಕಲಿತವಳೂ ನಾನೇ. ನಮ್ಮ ಮನೆಯವರು ಕಲಿಯಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ತುಳಿಯುವುದರಲ್ಲಿ ಮಾತ್ರ ಪಳಗಿದ್ದರು. ಭಾನುವಾರ ಬಂದರೆ ನಾನು ಅತ್ತೆಯನ್ನು ಹಿರೇವಡ್ಡಟ್ಟಿಗೆ, ಅವರ ತವರಿಗೆ ಕರೆದೊಯ್ಯುತ್ತಿದ್ದೆ. ಮೊಣಕಾಲು ನೋವಿನ ಅವರಿಗೆ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತು. ಮನೆಯಲ್ಲಿ ನಮ್ಮಿಬ್ಬರ ಮಾತು ಉಪ್ಪು, ಖಾರ, ಹಾಲು ಉಕ್ಕಿದ್ದಕ್ಕೆ ಮುಗಿದುಹೋಗುತ್ತಿತ್ತು. ಗಾಡಿ ಹತ್ತಿದರೆ ಅತ್ತೆಯ ಬಾಯಿ ತೆರೆಯುತ್ತಿತ್ತು. ಕಪ್ಪತಗುಡ್ಡ ಕಣ್ಣಿಗೆ ಬಿದ್ದ ಕೂಡಲೇ ಅವರು ಸಣ್ಣ ಹುಡುಗಿಯಾಗಿ, ಯಾವ ಹೊಲದಲ್ಲಿ ಕಡಲೆ ಗಿಡ ಕಿತ್ತು ಯಾರ ಕೈಗೆ ಸಿಕ್ಕಿಬಿದ್ದಿದ್ದರು ಎಂಬುದನ್ನೆಲ್ಲ ಹೇಳುವರು. ನನಗೆ ಆ ದಾರಿ ಬಲು ಇಷ್ಟವಾಗಿತ್ತು.

ಅತ್ತೆಯದು ಒಂದು ಪದ್ಧತಿ. ನಾನು ಸಂಜೆ ಗಾಡಿ ತಂದು ನಿಲ್ಲಿಸಿದೆನೋ ಇಲ್ಲವೋ, ತಂಬಿಗೆ ತುಂಬ ನೀರು ತಂದು ಅದರ ಮುಂದಿನ ಗಾಲಿಗೆ ಸುರಿಯುವರು. ಅವರ ತವರಿನಲ್ಲಿ ಹೊಲದಿಂದ ಬಂದ ಎತ್ತುಗಳಿಗೆ ಮೊದಲು ಕಾಲಿಗೆ ನೀರು, ಆಮೇಲೆ ಗೋದಲಿಯಲ್ಲಿ ಮೇವು. ಮನೆಗೆ ಬಂದ ಬೀಗರಿಗೂ ಅಷ್ಟೇ, ಕಾಲಿಗೆ ನೀರು ಕೊಡದೆ ಮಾತೇ ಇಲ್ಲ.

"ಅಷ್ಟು ದೂರದಿಂದ ಓಡಿ ಬಂದೈತಿ. ಕಾಲು ಸುಡತಿರತಾವ ಅದರವು," ಎನ್ನುವರು.

ನಮ್ಮ ಅಂಗಳ ಇಕ್ಕಟ್ಟು. ಗಾಡಿಯ ಬಲಮಗ್ಗುಲು ಗೋಡೆಗೆ ಅಂಟಿಕೊಂಡೇ ನಿಲ್ಲಬೇಕು, ನಾನೂ ಎಡಬಾಗಿಲಿನಿಂದಲೇ ಇಳಿಯಬೇಕು. ಹಿಂದಿನ ಗಾಲಿಯ ಹತ್ತಿರ ಗಟಾರು. ಹೀಗಾಗಿ ಅತ್ತೆಗೆ ಸಿಗುತ್ತಿದ್ದದ್ದು ಮುಂದಿನ ಎಡಗಾಲಿ ಒಂದೇ. "ಒಂದು ಕಾಲು ತೊಳದ್ರೂ ತೊಳದಂಗ ಬಿಡು," ಎಂದು ಸಮಾಧಾನ ಮಾಡಿಕೊಂಡಿದ್ದರು. ನೀರು ಬಿದ್ದಾಗ ಗಾಲಿಯ ಒಳಗಿನಿಂದ ಚುಂಯ್ ಎಂದು ಸದ್ದಾಗಿ ಸ್ವಲ್ಪ ಹಬೆ ಏಳುತ್ತಿತ್ತು. ಎದುರು ಮನೆಯ ಮಗ್ಗದವರು ನೋಡಿ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಗಾಡಿ ನಡುಗಲು ಶುರುವಾದಾಗ ನಾನು ಮನೆಯವರಿಗೆ ಹೇಳಿದೆ, "ಬ್ರೇಕಿನ್ಯಾಗ ಏನೋ ಡೊಂಕೈತ್ರಿ."

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ," ಎಂದರು ಅವರು, ಪೇಪರಿನಿಂದ ತಲೆ ಎತ್ತದೆ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಮರುದಿನ ಅವರ ಡಬ್ಬಿಗೆ ಪಲ್ಯ ಹಾಕಲಿಲ್ಲ. ಅದಕ್ಕೋ ಏನೋ, ಸಂಜೆ ಬಂದು ಕರಾರು ಹಾಕಿದರು: "ಒಮ್ಮಿ ರಿಪೇರಿ ಮಾಡಸು. ಮತ್ತ ನಡುಗಿತಂದ್ರ ಗಾಡಿ ಮಾರಿಬಿಡೂದು. ಜೀವಕ್ಕಿಂತ ಹೆಚ್ಚಿಂದಲ್ಲ ಅದು." ಮಾತು ತಪ್ಪೇನಲ್ಲ. ಆದರೆ ಗಾಡಿ ಹೋದರೆ ಅತ್ತೆಯ ತವರೂ ಹೋಗುತ್ತಿತ್ತು, ನನ್ನ ಭಾನುವಾರವೂ ಹೋಗುತ್ತಿತ್ತು. ಅದು ಅವರಿಗೆ ಹೊಳೆದಿರಲಿಲ್ಲ. ಅತ್ತೆಗೆ ಹೊಳೆದಿತ್ತು, ಬಾಯಿಬಿಟ್ಟು ಹೇಳಲಿಲ್ಲ.

ಮುಳಗುಂದ ನಾಕಾದ ಹತ್ತಿರ ನಮಗೆ ಪರಿಚಯದ ಮೆಕ್ಯಾನಿಕ್ ಇದ್ದ. ಮೊದಲು ಗಾಲಿ ಬ್ಯಾಲೆನ್ಸ್ ಮಾಡಿಸಿದ, ನಡುಗು ಹೋಗಲಿಲ್ಲ. ಆಮೇಲೆ ನನ್ನನ್ನೇ ಗಾಡಿ ನಡೆಸಲು ಹೇಳಿ ಪಕ್ಕದಲ್ಲಿ ಕುಳಿತ. ನಾಗಾವಿಯ ಕಡೆಯ ಖಾಲಿ ರಸ್ತೆಯಲ್ಲಿ ವೇಗ ಹಿಡಿದು ಬ್ರೇಕ್ ಒತ್ತಿದೆ.

"ಸೀಟು ನಡುಗತೈತೇನ್ರಿ, ಕೈ ನಡುಗತೈತೇನ್ರಿ?"

"ಕೈ."

"ಹಂಗಾರ ಮುಂದಿನ ಗಾಲಿಗಳೊಳಗ ಐತಿ. ಸೀಟು ನಡುಗಿದ್ರ ಹಿಂದಿಂದು ಅಂತಿದ್ದೆ."

ಗ್ಯಾರೇಜಿಗೆ ಬಂದು ಗಾಲಿ ಬಿಚ್ಚಿದ. ಒಳಗೆ ತಟ್ಟೆಯಂಥ ಉಕ್ಕಿನ ಡಿಸ್ಕು. ಬ್ರೇಕ್ ಹಾಕಿದಾಗ ಎರಡು ಕಡೆಯಿಂದ ಪ್ಯಾಡುಗಳು ಅದನ್ನು ಅಮುಕಿ ಹಿಡಿಯುತ್ತವೆ. ಗಡಿಯಾರದಂಥ ಒಂದು ಮಾಪಕವನ್ನು ಅದಕ್ಕೆ ತಾಗಿಸಿ ಡಿಸ್ಕನ್ನು ಮೆಲ್ಲಗೆ ತಿರುಗಿಸಿದ. ಬಲಗಡೆ ಮುಳ್ಳು ಅಲುಗಲಿಲ್ಲ. ಎಡಗಡೆ ಆಚೀಚೆ ತೂಗಿತು. "ಡಿಸ್ಕ್ ಡೊಂಕಾಗೇತ್ರಿ," ಎಂದ. ನಾನು ಅಲ್ಲಿಂದಲೇ ಮನೆಯವರಿಗೆ ಫೋನ್ ಮಾಡಿ, "ನೆಲ ಅಲ್ಲರಿ, ಡಿಸ್ಕ್ ಡೊಂಕೈತಿ," ಎಂದು ಹೇಳಿ ಇಟ್ಟುಬಿಟ್ಟೆ.

ಡಿಸ್ಕನ್ನು ಲೇತ್ ಯಂತ್ರಕ್ಕೆ ಕೊಟ್ಟು ಸವರಿಸಿ ನೆಟ್ಟಗೆ ಮಾಡಿಸಿ, ಹೊಸ ಪ್ಯಾಡು ಹಾಕಿದ. ಆ ಭಾನುವಾರ ಯಳವತ್ತಿಯಲ್ಲಿ ಬೀಗರ ಮನೆಯ ಬಸುರಿಗೆ ಕುಬಸ. ಅತ್ತೆಯನ್ನು ಕೂರಿಸಿಕೊಂಡು ಶಿರಹಟ್ಟಿ ಮೇಲೆ ಹಾಯ್ದು ಹೋದೆ, ಬರುವಾಗ ಲಕ್ಷ್ಮೇಶ್ವರದ ಪೇಟೆಯಲ್ಲಿ ನುಗ್ಗಿ ಬಂದೆ. ಎಮ್ಮೆ, ಟಂಟಂ, ಸಂತೆಯ ಜನ, ಎಲ್ಲಿ ಕಾಲಿಟ್ಟರೂ ಗಾಡಿ ಬೆಣ್ಣೆಯಂತೆ ನಿಂತಿತು. ಅತ್ತೆ ಬಾಗಿನದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, "ಈಗ ಅದರ ಅಂಜಿಕಿ ಹೋತು ನೋಡು," ಎಂದರು. ಮನೆಗೆ ಬಂದವರೇ ತಂಬಿಗೆ ತಂದರು. ಚುಂಯ್ ಎಂದಿತು.

ನವರಾತ್ರಿ ಹತ್ತಿರ ಬರುವಷ್ಟರಲ್ಲಿ ನಡುಗು ಮರಳಿ ಬಂತು. ಮೊದಲು ಸುಮ್ಮನೆ ಕೈಗೆ ಕಚಗುಳಿ, ಆಮೇಲೆ ಮೊದಲಿನಂತೆಯೇ. ಮನೆಯವರಿಗೆ ಹೇಳದೆ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮಾಪಕ ಹಚ್ಚಿ ನೋಡಿ ತಲೆ ಕೆರೆದುಕೊಂಡ.

"ಮತ್ತ ಎಡಗಡೀದಽ ಐತ್ರಿ. ಬಲಗಡೀದು ಸೂಜಿ ಇದ್ದಂಗೈತಿ. ಒಂದಽ ಗಾಲಿ ಯಾಕ ಹಿಂಗ ಮಾಡತೈತಿ?"

ಪ್ಯಾಡು ಅಂಟಿಕೊಂಡಿದೆಯೇ ನೋಡಿದ, ಇರಲಿಲ್ಲ. ಡಿಸ್ಕು ಕೂರುವ ಹಬ್ ಉಜ್ಜಿದ, ನಟ್ಟು ಬಿಗಿದ. "ಹಳ್ಳದ ನೀರಾಗ ಹೊಡೀತೀರೇನ್ರಿ?" ಎಂದು ಕೇಳಿದ. ಆ ವರ್ಷ ಮಳೆಯೇ ಇಲ್ಲದ ದಿನಗಳು ಅವು. ಇಲ್ಲವೆಂದೆ. ಈ ಸಲ ಸವರಲು ಡಿಸ್ಕಿನಲ್ಲಿ ದಪ್ಪ ಉಳಿದಿಲ್ಲ, ಹೊಸದೇ ಹಾಕಬೇಕು ಎಂದ. ಕಾರಣ ಸಿಗದೆ ಹೊಸದು ಹಾಕಿದರೆ ಅದೂ ಡೊಂಕಾಗುತ್ತದಲ್ಲ ಎಂದು ನನಗೆ ಅಳುವೇ ಬರುವಂತಾಯಿತು.

ಅದೇ ತಲೆಬಿಸಿಯಲ್ಲಿ ಮರುದಿನ ಬೆಳಿಗ್ಗೆ ರೊಟ್ಟಿ ಮಾಡಿ ಮುಗಿಸಿ, ಒಲೆಯ ಮೇಲಿನ ಕಬ್ಬಿಣದ ಹಂಚನ್ನು ಇಕ್ಕಳದಿಂದ ಎತ್ತಿ ನಳದ ಕೆಳಗೆ ಹಿಡಿದೆ. ಚುಂಯ್ ಎಂದಿತು.

"ಲೇ, ಕಾದ ಹಂಚಿಗೆ ತಣ್ಣೀರು ಹಾಕಬ್ಯಾಡ ಅಂತ ಎಷ್ಟು ಸಲ ಹೇಳಬೇಕು ನಿನಗ," ಎಂದರು ಅತ್ತೆ ಹಿಂದಿನಿಂದ. "ಡೊಂಕಾಗತೈತಿ. ಡೊಂಕಾದ ಹಂಚಿನ ಮ್ಯಾಲ ರೊಟ್ಟಿ ಕುಂಡ್ರೂದಿಲ್ಲ."

ನಾನು ಹಂಚು ಹಿಡಿದುಕೊಂಡೇ ನಿಂತೆ. ಅದೇ ಸದ್ದು, ಅದೇ ಹಬೆ. ಮುಂಡರಗಿಯಿಂದ ಓಡಿ ಬಂದು, ಬೆಟಗೇರಿಯ ಸಂದಿಗಳಲ್ಲಿ ಬ್ರೇಕ್ ಹಾಕಿ ಹಾಕಿ ಕಾದ ಡಿಸ್ಕು. ಅದರ ಮೇಲೆ ತಂಬಿಗೆ ನೀರು. ಅದೂ ಎಡಗಡೆಯ ಮುಂದಿನ ಗಾಲಿಗೇ.

ಕಾರಣವೇನೋ ಸಿಕ್ಕಿತು. ಹೇಳುವುದು ಹೇಗೆ? ಬಿಸಿತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಮನೆಯವರಿಗೆ ಹೇಳಿದರೆ ಅವರು ತಾಯಿಯ ಮುಂದೆ ಫೈಲು ಓದಿದಂತೆ ಓದಿಬಿಡುವರು. ಗಾಡಿಯನ್ನು ಹಿಂದುಮುಂದಾಗಿ ನಿಲ್ಲಿಸೋಣವೆಂದರೆ ಅತ್ತೆ ಕೈಗೆ ಸಿಕ್ಕ ಇನ್ನೊಂದು ಗಾಲಿಗೆ ನೀರು ಹಾಕುವರು, ಅದೂ ಕೆಡುವುದು. ಹೇಳದೆ ಬಿಟ್ಟರೆ ಗಾಡಿಯೇ ಹೋಗುತ್ತದೆ. ಎರಡು ದಿನ ನುಂಗಿಕೊಂಡು, ಕೊನೆಗೆ ಅತ್ತೆ ಶೇಂಗಾಕಾಯಿ ಬಿಡಿಸುತ್ತಿದ್ದಾಗ ಪಕ್ಕದಲ್ಲಿ ಕುಳಿತೆ.

"ಅತ್ತಿಯವರ, ಗಾಡಿ ಗಾಲಿ ಒಳಗ ಒಂದು ಹಂಚು ಐತ್ರಿ. ಬ್ರೇಕ್ ಹಾಕಿದಂಗ ಅದು ಕಾಯತೈತಿ."

ಅವರ ಕೈ ನಿಂತಿತು. ನಾನು ಮುಂದೆ ಹೇಳಬೇಕಾಗಲಿಲ್ಲ.

"ಅಂದ್ರ ಕೆಡಿಸಿದಾಕಿ ನಾನಽ ಏನವಾ?"

"ನಿಮಗೇನ್ ಗೊತ್ತಿತ್ರಿ. ನನಗೂ ಗೊತ್ತಿರಲಿಲ್ಲ."

"ಖರೆ ಹೇಳು. ಅವಗ ಹೇಳೀಯೇನು?"

"ಇಲ್ಲರಿ. ಹೇಳೂದೂ ಇಲ್ಲ."

ಅವರು ಮತ್ತೆ ಕಾಯಿ ಬಿಡಿಸತೊಡಗಿದರು. ಕಾಳು ಸಿಪ್ಪೆಯ ಕಡೆ, ಸಿಪ್ಪೆ ಕಾಳಿನ ಕಡೆ ಬೀಳುತ್ತಿದ್ದವು. ಅತ್ತೆ ಅಷ್ಟು ಪ್ರೀತಿಯಿಂದ ಮಾಡುತ್ತಿದ್ದ ಒಂದೇ ಒಂದು ಕೆಲಸವನ್ನು ನಾನು ಕಿತ್ತುಕೊಂಡಿದ್ದೆ.

ಹೊಸ ಡಿಸ್ಕು ಹಾಕಿಸಿಕೊಂಡು ಮರುಸಂಜೆ ಮುಂಡರಗಿಯಿಂದ ಬಂದೆ. ದಾರಿಯುದ್ದಕ್ಕೂ ಬ್ರೇಕು ಸೊಗಸಾಗಿ ಹಿಡಿಯಿತು. ಗಾಡಿ ಗೋಡೆಗೆ ಹಚ್ಚಿ ನಿಲ್ಲಿಸಿ ಇಳಿದರೆ, ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ. ಕೈಯಲ್ಲಿ ತಂಬಿಗೆ. ನಾನು ಗಾಲಿಗೆ ಅಡ್ಡ ನಿಂತೆ.

"ಅಂಜಬ್ಯಾಡ, ಗಾಡಿಗೆ ಹಾಕೂದಿಲ್ಲ," ಎಂದರು. "ನೀ ಚಪ್ಪಲಿ ಬಿಡು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಮ್ಮ ಕಡೆ ಸೊಸೆ ಅತ್ತೆಯ ಕಾಲಿಗೆ ನೀರು ಕೊಡುತ್ತಾಳೆ. ಅತ್ತೆ ಸೊಸೆಯ ಕಾಲಿಗೆ ನೀರು ಹಾಕಿದ್ದನ್ನು ನಾನು ಕಂಡಿಲ್ಲ, ಕೇಳಿಲ್ಲ.

"ಬ್ಯಾಡ್ರಿ ಅತ್ತಿಯವರ. ಓಣ್ಯಾಗಿನವರು ನೋಡಿದ್ರ ನಗತಾರ."

"ನಿನ್ನ ಕಾಲಿಗೆ ಹಾಕಿದ್ರ ನಗತಾರಂತ ಅಲ್ಲೇನು ನಾ ಇಷ್ಟು ದಿನ ಗಾಡಿಗೆ ಹಾಕಿದ್ದು. ದಣದು ಬರತಿದ್ದಾಕಿ ನೀನು."

ನೀರು ಪಾದದ ಮೇಲೆ ಬಿತ್ತು. ತಣ್ಣಗಿತ್ತು. ನಾನು ಹೆಗಲ ಚೀಲವನ್ನೂ ಇಳಿಸದೆ ಅಲ್ಲೇ ಅತ್ತುಬಿಟ್ಟೆ. ಅತ್ತೆ ಅದನ್ನು ನೋಡಿಯೂ ನೋಡದವರಂತೆ, ಒಂದು ಕೈಯಿಂದ ಚೌಕಟ್ಟು ಹಿಡಿದು, ಬಗ್ಗಲಾರದ ಸೊಂಟವನ್ನು ಬಗ್ಗಿಸಿದರು.

"ಗಾಡೀದು ಒಂದಽ ಕಾಲು ಸಿಗತಿತ್ತು. ತಾ, ಇನ್ನೊಂದು ಮುಂದ ಮಾಡು."