ಕಾಡುಮಾವು ತರಲು ಹೋದದ್ದು

ಬೆಳಗ್ಗೆ ಆರಕ್ಕೆ ಮೈಸೂರು ಬಿಡಬೇಕಾದ ಬಸ್ಸು ಎಂಟಾದರೂ ಬಿಡಲಿಲ್ಲ. ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಬರ ಬಂದು, ಬಸ್ಸುಗಳೆಲ್ಲ ಬೆನ್ನಿಗೊಂದು ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ಮಾಲೀಕರ ಮಾತು. ಕಂಡಕ್ಟರು ಒಲೆಯ ಹಿಡಿ ತಿರುಗಿಸಿ ಗಾಳಿ ಹಾಕುತ್ತಿದ್ದ, ಹೊಗೆ ನಮ್ಮ ಮೂಗಿಗೆ ಬರುತ್ತಿತ್ತು, ಎಂಜಿನ್ನಿಗೆ ಮಾತ್ರ ಏನೂ ತಲುಪುತ್ತಿರಲಿಲ್ಲ. ನನ್ನ ತೊಡೆಯ ಮೇಲಿದ್ದ ಖಾಲಿ ಬಿದಿರು ಬುಟ್ಟಿಗೂ ಅವನು ಎರಡಾಣೆ ಕಿತ್ತುಕೊಂಡಿದ್ದ. ಖಾಲಿ ಬುಟ್ಟಿಗೇಕೆ ಚಾರ್ಜು ಎಂದರೆ, "ಬರುವಾಗ ತುಂಬಿರ್ತದಲ್ಲ ಸ್ವಾಮಿ" ಎಂದ.

ತುಂಬಿರಬೇಕೆಂದೇ ನನ್ನ ಆಸೆಯೂ. ನನ್ನ ಹೆಂಡತಿ ದೇವಕಿಗೆ ವಿಷಮಜ್ವರ ಬಂದು ಬಿಟ್ಟಿತ್ತು. ಜ್ವರ ಇಳಿದರೂ ಬಾಯಿರುಚಿ ಮರಳಿ ಬಂದಿರಲಿಲ್ಲ. ಗಂಜಿ ಬೇಡ, ಹಾಲು ಬೇಡ, ಅನ್ನ ಕಂಡರೆ ಮುಖ ಗೋಡೆಗೆ. ಮೇ ತಿಂಗಳ ಮೈಸೂರಿನಲ್ಲಿ ರಸಪುರಿ, ಬಾದಾಮಿಗಳಿಗೆ ಕೊರತೆಯೇ? ಹೆಚ್ಚಿ ತಟ್ಟೆಯಲ್ಲಿಟ್ಟರೆ ನೊಣ ತಿಂದವು, ಅವಳು ಮುಟ್ಟಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, "ಅವರು ಏನು ಕೇಳಿದರೂ ಕೊಡಿ. ಹೀಗೇ ಹೊಟ್ಟೆಗೆ ಹಾಕದಿದ್ದರೆ ನನ್ನ ಔಷಧಿಯಿಂದ ಏನೂ ಆಗುವುದಿಲ್ಲ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೆಯ ದಿನ ಅವಳೇ, "ನಮ್ಮ ಕಾಡಿನ ಮಾವು ತಿನ್ನಬೇಕು ಅಂತ ಆಸೆ" ಎಂದಳು. ನಾನು ಹೊಲಿಗೆ ಅಂಗಡಿಗೆ ಬೀಗ ಹಾಕಿ, ಅವಳನ್ನು ನನ್ನ ಅಕ್ಕನಿಗೆ ಒಪ್ಪಿಸಿ ಹೊರಟೆ. ಅವಳ ತವರು ಕೊಡಗಿನ ಪಶ್ಚಿಮದ ಬೆಟ್ಟಗಳಲ್ಲಿ, ನಾಪೋಕ್ಲಿನಿಂದ ಇನ್ನೂ ಎರಡು ಹರದಾರಿ ಆಚೆ. ಅರೆಭಾಷೆ ಗೌಡರ ಮನೆ.

ಹುಣಸೂರು ದಾಟಿ ಕಾಡು ಹೊಕ್ಕ ಮೇಲೆ ಬಸ್ಸು ಪ್ರತಿ ಏರಿನಲ್ಲೂ ನಿಂತಿತು. ನಿಂತಾಗಲೆಲ್ಲ ನಾವು ಇಳಿದು ತಳ್ಳಿದೆವು. ಕಾಸು ಕೊಟ್ಟು ಕತ್ತೆ ದುಡಿಮೆ ಮಾಡುವುದು ಎಂದರೆ ಇದೇ. ಗಡಿಯ ಗೇಟಿನಲ್ಲಿ ಪೇದೆಯೊಬ್ಬ ನನ್ನ ಬುಟ್ಟಿಯನ್ನು ಬೋರಲು ಹಾಕಿ ಕುಟ್ಟಿ ನೋಡಿದ. ಅಕ್ಕಿ ಸಾಗಿಸಬಾರದೆಂದು ಕಟ್ಟಪ್ಪಣೆಯಿದ್ದ ದಿನಗಳು. ಖಾಲಿ ಹೋಗುವ ಬುಟ್ಟಿಯ ಮೇಲೇ ಅವನಿಗೆ ಹೆಚ್ಚು ಅನುಮಾನ.

"ಮಾವಿನ ಹಣ್ಣಿಗೆ" ಎಂದೆ.

"ಮೈಸೂರಿಂದ ಕೊಡಗಿಗೆ ಮಾವಿನ ಹಣ್ಣಿಗಾ?" ಎಂದು ಅವನು ನಕ್ಕ. ಪಕ್ಕದಲ್ಲಿದ್ದ ಅಮ್ಮತ್ತಿ ಕಡೆಯ ಎಸ್ಟೇಟ್ ರೈಟರೂ ನಕ್ಕರು. ಆಮೇಲೆ ಗೋಣಿಕೊಪ್ಪಲು ಬರುವವರೆಗೆ ಅವರು ನನಗೆ ಕಾಡುಮಾವಿನ ವರ್ಣನೆ ಮಾಡಿದರು. "ಕಾಡ್ಮಾವಿನ ಗೊಜ್ಜು, ಬಿಸಿ ಕಡುಬು, ಅದ್ರ ಮುಂದೆ ಎಂತ ಉಂಟು ಮಾರಾಯ್ರೆ" ಎಂದು ಅವರು ಬಾಯಿ ಚಪ್ಪರಿಸುವಾಗ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಗೋಣಿಕೊಪ್ಪಲಿನಲ್ಲಿ ಸಿಕ್ಕಿದ್ದು ಹಳಸಲು ಬನ್ನು ಮತ್ತು ಬೆಲ್ಲದ ಕಾಫಿ. ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಕಾಫಿ ತೋಟ, ಕುಡಿಯಲು ಕೊಟ್ಟದ್ದು ಹುರಿದ ಹುಣಸೆ ಬೀಜದ ನೀರು.

ವಿರಾಜಪೇಟೆಯಲ್ಲಿ ರಾತ್ರಿ ಕಳೆದು, ಮರುದಿನ ಮಧ್ಯಾಹ್ನ ನಾಪೋಕ್ಲು ತಲುಪಿ, ಬುಟ್ಟಿಯನ್ನು ತಲೆಗೆ ಕವುಚಿಕೊಂಡು ನಡೆದೆ. ಕೊಡಗು ತಂಪೆಂದು ಹೇಳಿದವರು ಮೇ ತಿಂಗಳ ಎರಡು ಗಂಟೆಗೆ ಆ ಗದ್ದೆಬದುವಿನಲ್ಲಿ ನಡೆದಿರಲಾರರು. ನೆತ್ತಿಯ ಮೇಲೆ ಮೋಡ ಕಟ್ಟುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಅಂಗಿ ಹಿಂಡಿದರೆ ಒಂದು ತಂಬಿಗೆ ಬೆವರು ಬರುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳಿದರು: "ಮಾವು ತಿನ್ಕೆ ಬಂದದಾ?" ಹೌದೆಂದೆ. "ಒಳ್ಳೆದಾತು, ಈ ಸಲ ಭಾರಿ ಬಿದ್ದುಟ್ಟು" ಎಂದರು. ಒಬ್ಬನಾದರೂ ಬುಟ್ಟಿ ನೋಡಿ ಏನಾದರೂ ಹೇಳಬಾರದಿತ್ತೇ? ಬಿಸಿಲಿಗೆ ಹಿಡಿದುಕೊಂಡದ್ದು ಎಂದೇ ಎಲ್ಲರೂ ತಿಳಿದಿದ್ದರು.

ಅತ್ತೆ ಜ್ವರದ ದಿನಗಳಲ್ಲಿ ಮೈಸೂರಿಗೆ ಬಂದು ಇದ್ದು ಹೋಗಿದ್ದವರು. ನನ್ನನ್ನು ಕಂಡೊಡನೆ ಅವರ ಮುಖ ಬಿಳಚಿತು. ಮಗಳು ಇದ್ದಾಳೆ, ಉಣ್ಣುವುದಿಲ್ಲ ಅಷ್ಟೇ ಎಂದ ಮೇಲೆ ಜಗಲಿಯಲ್ಲಿ ಕುಸಿದು ಕೂತರು. ನಂತರ ಎದ್ದವರು ನನಗೆ ತಿನ್ನಿಸಲು ಶುರುಮಾಡಿದರು. ಹಲಸಿನ ತೊಳೆ, ಅದಕ್ಕೆ ಹೊಸ ಜೇನು. ಅದು ಮುಗಿಯುವಷ್ಟರಲ್ಲಿ ಅರಿಶಿನ ಎಲೆಯಲ್ಲಿ ಬೇಯಿಸಿದ ಹಲಸಿನ ಕಡುಬು, ಮೇಲೆ ತುಪ್ಪ. ಸೆಖೆಗೆ ಪುನರ್ಪುಳಿಯ ಪಾನಕ. ಬೇಡವೆಂದಷ್ಟೂ ಬಡಿಸಿದರು. ರುಚಿಯಾಗಿತ್ತು, ಸುಳ್ಳೇಕೆ ಹೇಳಲಿ. ಮೈಸೂರಿನಲ್ಲೊಬ್ಬಳು ತುತ್ತು ಇಳಿಯದೆ ಮಲಗಿರುವಾಗ ಇದು ಹೀಗೆ ರುಚಿಸುತ್ತದಲ್ಲ ಎಂದು ನನ್ನ ನಾಲಿಗೆಯ ಮೇಲೇ ನನಗೆ ಸಿಟ್ಟು ಬಂತು. ಮಾವು ಎಲ್ಲಿ ಎಂದರೆ, "ನಾಳೆ ಬೊಳ್ಪಿಗೆ ಕರ್ಕಂಡ್ ಹೋನೆ ಭಾವ" ಎಂದ ಭಾವಮೈದ ಸುಬ್ಬಯ್ಯ.

ಬೆಳಕು ಹರಿಯುತ್ತಲೇ ಮೂವರೂ ಹೊರಟೆವು. ಮನೆಯ ಹಿಂದಿನ ದಿನ್ನೆ ಏರಿದರೆ ಒಂದು ಕಲ್ಲಿನ ಕಟ್ಟೆ. ಸುಬ್ಬಯ್ಯ ಚಪ್ಪಲಿ ಬಿಡಲು ಹೇಳಿದ. ಕಟ್ಟೆಯಾಚೆ ಕಾಡು, ಒಳಗೆ ಹಗಲಲ್ಲೂ ಮಬ್ಬು. ಮರದ ಬುಡದಲ್ಲಿ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕೂತಿದ್ದವು. ಅದು ಅಯ್ಯಪ್ಪನ ದೇವರಕಾಡು. ಮೂರು ಆಳು ತಬ್ಬಿದರೂ ಸಾಲದ ಮಾವಿನ ಮರಗಳ ಕೆಳಗೆ, ನಿಂಬೆ ಗಾತ್ರದ ಹಣ್ಣುಗಳು ರಾತ್ರಿಯ ಗಾಳಿಗೆ ಉದುರಿ ನೆಲ ಕಾಣದಂತೆ ಬಿದ್ದಿದ್ದವು. ಸೊನೆಯ ಘಾಟು ತಲೆಗೇರುವಂತಿತ್ತು. ಅತ್ತೆ ಒಂದನ್ನು ಒರೆಸಿ ಕೊಟ್ಟರು. ತೊಟ್ಟು ಕಚ್ಚಿ ಉಗಿದು, ಹಿಸುಕಿ ಹೀರಿದೆ. ಮೊದಲು ಹುಳಿ ಹಲ್ಲು ಜುಮ್ಮೆನಿಸಿತು, ಅದರ ಹಿಂದೆಯೇ ಸಿಹಿ ಬಂತು. ದೇವಕಿ ರಸಪುರಿಯನ್ನು ಯಾಕೆ ದೂಡಿದಳೆಂದು ಆಗ ತಿಳಿಯಿತು. ಇನ್ನೊಂದು ತಿಂದೆ, ಮತ್ತೊಂದು ತಿಂದೆ, ಗಡ್ಡ ಮೊಣಕೈ ಎಲ್ಲ ರಸ. ಆಮೇಲೆ ಬುಟ್ಟಿಗೆ ಹಾಕತೊಡಗಿದೆ.

"ಎಂತ ಮಾಡ್ತೊಳರಿ?" ಎಂದರು ಅತ್ತೆ.

"ದೇವಕಿಗೆ."

ತಾಯಿ ಮಗ ಮುಖ ಮುಖ ನೋಡಿಕೊಂಡರು. ಸುಬ್ಬಯ್ಯ ಮೆಲ್ಲಗೆ ಬುಟ್ಟಿ ತೆಗೆದುಕೊಂಡು ಹಣ್ಣನ್ನು ನೆಲಕ್ಕೆ ಸುರಿದ. "ಇಲ್ಲಿದ್ ಇಲ್ಲೇ ತಿನ್ನೊಕು ಭಾವ. ಹೊರಗೆ ತಕಂಡ್ ಹೋಕೆ ಇಲ್ಲೆ. ಒಂದ್ ಎಲೆನೂ ಇಲ್ಲೆ."

"ಇದನ್ನು ನಿನ್ನೆಯೇ ಹೇಳಬಾರದಿತ್ತೇ?"

"ನೀವು ತಿನ್ಕೆ ಬಂದದ್ ಅಲ್ಲವಾ?"

ನಾನು ಕೂಗಾಡಿದೆ. ದೇವರ ಕಾಡೆಂಬುದನ್ನೂ ಮರೆತು ಕೂಗಾಡಿದೆ. ತಪ್ಪುಕಾಣಿಕೆ ಹಾಕುತ್ತೇನೆ ಎಂದೆ. "ಹಾಕಿ. ಹಣ್ಣ್ ಮಾತ್ರ ಹೊರಗೆ ಬಾದುಲೆ" ಎಂದ. ಬಾವಲಿಗಳು ಊರೆಲ್ಲ ಹೊತ್ತು ಹಾಕುತ್ತವಲ್ಲ, ಅವಕ್ಕೆ ಯಾಕಿಲ್ಲ ಈ ಕಟ್ಟು ಎಂದೆ.

"ಬಾವಲಿಗೆ ಗೊತ್ತಿಲ್ಲೆ ಭಾವ. ನಿಮಗೆ ಈಗ ಗೊತ್ತಾತಲ್ಲ."

ಆ ಕ್ಷಣ ಆ ಅಯ್ಯಪ್ಪನ ಮೇಲೂ, ಅವನ ನಾಯಿಗಳ ಮೇಲೂ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇಬ್ಬರೂ ಮುಂದೆ ನಡೆದಾಗ ಒಂದು ಹಣ್ಣನ್ನು ಜೇಬಿಗೆ ಹಾಕಿಕೊಂಡೆ. ಕಟ್ಟೆಯ ಹತ್ತಿರ ಅತ್ತೆ ನಿಂತು ತಿರುಗಿದರು. ಜೇಬನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತ್ತು.

"ನಂಗೆ ಆಸೆ ಇಲ್ಲೆಯಾ? ನನ್ನ ಮಗಳು. ಇದ್ ಕದ್ದ್ ಕೊಟ್ಟು ಅವಳಿಗೆ ಏನಾದ್ರೂ ಆದ್ರೆ ನಾ ಹೆಂಗೆ ಬದ್ಕೊದು?"

ಹಣ್ಣನ್ನು ತೆಗೆದು ಅಲ್ಲೇ ತಿಂದು, ಗೊರಟೆಯನ್ನು ಕಾಡಿನೊಳಗೇ ಎಸೆದೆ. ಆ ಸಲ ಸಿಹಿ ನಾಲಿಗೆಗೆ ಹತ್ತಲಿಲ್ಲ. ಮನೆಯ ಹತ್ತಿರದ ಬಯಲಿನ ಮಾವಿನ ಮರಗಳಿಗೆ ಆ ವರ್ಷ ಮಂಜು ಹೊಡೆದು ಹೂವೇ ನಿಂತಿರಲಿಲ್ಲ. ಅತ್ತೆ ಬುಟ್ಟಿಗೆ ಒಂದು ಹಲಸನ್ನೂ ಜೇನಿನ ಶೀಸೆಯನ್ನೂ ಇಟ್ಟರು. ಬಂದ ದಾರಿಯಲ್ಲೇ, ಅದೇ ಹೊಗೆಯಲ್ಲಿ, ಅದೇ ಏರುಗಳಲ್ಲಿ ಬಸ್ಸು ತಳ್ಳುತ್ತ ಮರಳಿದೆ. ಗೇಟಿನ ಪೇದೆ ಹಲಸನ್ನು ಎತ್ತಿ ಕೆಳಗೆಲ್ಲ ತಡಕಿ, "ಎಲ್ಲಯ್ಯಾ ಮಾವು?" ಎಂದ. ಅವನಿಗೆ ನಾನು ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.

ಮನೆಗೆ ಬಂದಾಗ ದೇವಕಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಏನೂ ತಿಂದಿಲ್ಲವೆಂದು ಅಕ್ಕ ತಲೆಯಾಡಿಸಿದಳು. ಹಲಸನ್ನೂ ಜೇನನ್ನೂ ತೋರಿಸಿದರೆ ದೇವಕಿ ತಿರುಗಿಯೂ ನೋಡಲಿಲ್ಲ. ನನಗೆ ಅಳು ಬರುವಂತಾಗಿ, ಅದನ್ನು ನುಂಗಲು ನಡೆದದ್ದನ್ನೆಲ್ಲ ಬೈದುಕೊಳ್ಳುತ್ತಲೇ ಹೇಳಿದೆ. ಹೊರಗೆ ತರಬಾರದೆಂದು ನೀನಾದರೂ ಹೇಳಬಾರದಿತ್ತೇ ಎಂದು ಅವಳನ್ನೂ ಬೈದೆ.

"ಅದ್ ಎಲ್ರಿಗೂ ಗೊತ್ತಿರೋದಲ್ವಾ? ತನ್ನಿ ಅಂತ ನಾನು ಎಲ್ಲಿ ಹೇಳಿದೆ? ತಿನ್ನೋ ಆಸೆ ಅಂದೆ" ಎಂದಳು ಗೋಡೆಗೆ. ಆಮೇಲೆ, "ನೀವು ತಿಂದಿರಾ?" ಎಂದಳು.

"ತಿಂದೆ."

"ಯಾವ ಮರದ್ದು?"

"ನಾಯಿಗಳ ಹತ್ತಿರದ್ದು."

ಅವಳು ಮೊಣಕೈ ಊರಿ ಎದ್ದಳು. ಜ್ವರ ಬಂದಂದಿನಿಂದ ಯಾರ ಆಸರೆಯೂ ಇಲ್ಲದೆ ಎದ್ದದ್ದು ಅದೇ ಮೊದಲು. "ಅದು ನನ್ನ ಮರ! ಚಿಕ್ಕಂದಿನಿಂದ ಅದು ನನ್ನ ಮರ. ನನ್ನನ್ನ ಇಲ್ಲಿ ಮಲಗಿಸಿ ನೀವು ಹೋಗಿ ತಿಂದ್ ಬಂದಿರಾ?" ಬತ್ತಿದ ಕೆನ್ನೆಗೆ ರಕ್ತ ಬಂದಿತ್ತು. ಬೈಗುಳಕ್ಕೆ ಉಸಿರು ಸಾಲದೆ ಏದುಸಿರು ಬಿಡುತ್ತ ಕೇಳಿದಳು: "ಮಳೆ ಹಿಡಿದು ಹಣ್ಣು ಮುಗಿಯೋಕೆ ಎಷ್ಟ್ ದಿನ ಉಟ್ಟು?"

"ಇನ್ನೆರಡು ವಾರ ಇರಬಹುದು."

"ಅಕ್ಕಾ, ಗಂಜಿ ಇದ್ಯಾ?"

ಬೆಳಗಿನದು, ಬಿಸಿ ಮಾಡುತ್ತೇನೆ ಎಂದು ಅಕ್ಕ ಒಲೆಯ ಕಡೆ ಓಡಿದಳು. ಬೇಡ, ಹಾಗೇ ಕೊಡಿ ಎಂದಳು ದೇವಕಿ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ಔಷಧಿ ಕುಡಿಯುವವರ ಹಾಗೆ ಕಣ್ಣು ಮುಚ್ಚಿ, ನಡುವೆ ನಿಲ್ಲಿಸಿ, ಮತ್ತೆ ಕುಡಿದು ಮುಗಿಸಿದಳು. ಬಟ್ಟಲು ನನ್ನ ಕೈಗಿತ್ತು, ಬೆರಳು ತೋರಿಸಿ ಹೇಳಿದಳು: "ಈ ಸಲ ನೀವು ಕಾಡಿನ ಹೊರಗೇ ನಿಲ್ಲೊಕು."

ನಿಲ್ಲುತ್ತೇನೆ ಎಂದೆ.