ಎಡಗೈಗೆ ಸಿಗುವ ಪಟ್ಟಿ

ನಾನು ಓದಿದ್ದು ಎರಡನೇ ಇಯತ್ತೆ. ಸಹಿ ಹಾಕುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಇಷ್ಟು ಬರೆಯಲಿಕ್ಕೆ ಒಂದು ತಿಂಗಳು ಹಿಡಿದಿದೆ.

ಕೈಗೆ ಬಂದ ಕಸುಬು ಬಾಸಿಂಗ ಮಾಡುವುದು. ಶಿರಸಿಯ ಮನೆಯಲ್ಲಿ ಅಪ್ಪ ನನ್ನನ್ನೂ ತಂಗಿಯನ್ನೂ ಒಟ್ಟಿಗೇ ಕೂರಿಸಿ ಕಲಿಸಿದ. ಕೆರೆಯಲ್ಲಿ ಬೆಳೆಯುವ ಬೆಂಡನ್ನು ಕಾಗದದಷ್ಟು ತೆಳ್ಳಗೆ ಸೀಳಿ, ಹೂ ಕತ್ತರಿಸಿ, ಮೈದಾ ಅಂಟಿನಲ್ಲಿ ಕೂಡಿಸಬೇಕು. ಅಂಟಿಗೆ ಚಿಟಿಕೆ ಮೈಲುತುತ್ತ ಬೀಳಬೇಕು, ಇಲ್ಲದಿದ್ದರೆ ಜಿರಲೆ ತಿನ್ನುತ್ತದೆ. ಅಪ್ಪ ಒಂದೇ ಮಾತು ಹೇಳುತ್ತಿದ್ದ: "ಅಲುಗಾಡಬಾರ್ದು. ಮದುಮಗ ಬಗ್ಗಿದಾಗ ಒಂದು ಹೂ ಉದುರ್ತು ಅಂದ್ರೆ ನಮ್ಮ ಮರ್ಯಾದೆ ಉದುರ್ತು."

ತಂಗಿಯನ್ನು ಸಿದ್ದಾಪುರಕ್ಕೆ ಕೊಟ್ಟರು. ಅವಳ ಮಗಳ ಮದುವೆಗೆ ನಾನು ಹದಿನೈದು ದಿನ ಕೂತು ಜೋಡಿ ಬಾಸಿಂಗ ಮಾಡಿ ಮೊದಲೇ ಕಳಿಸಿದ್ದೆ. ಮಂಟಪಕ್ಕೆ ಹೋಗಿ ನೋಡಿದರೆ ಮದುಮಕ್ಕಳ ಹಣೆಯಲ್ಲಿ ಅಂಗಡಿಯ ಪ್ಲಾಸ್ಟಿಕ್ ಮುತ್ತಿನದು.

"ಗಂಡಿನ ಕಡೆಯವ್ರು ತಂದ್ರು. ಎಂತ ಮಾಡದು ಹೇಳು?" ಎಂದಳು ತಂಗಿ.

"ಅಪ್ಪ ನಿಂಗೆ ಕಲಿಸಿದ್ದು ದಂಡ" ಎಂದೆ, ಬೀಗರೆದುರೇ. ಊಟಕ್ಕೆ ಕೂರದೆ ಎದ್ದು ಬಂದೆ. ಮಗಳ ಮದುವೆಯಿಂದ ಅಕ್ಕ ಉಪವಾಸ ಎದ್ದು ಹೋದಳೆಂಬುದನ್ನು ಅವಳು ಮರೆಯಲಿಲ್ಲ. ನಾನೂ ಮರೆಯಲು ಬಿಡಲಿಲ್ಲ. ಹನ್ನೊಂದು ವರ್ಷ ಮಾತಿಲ್ಲ.

ಅಷ್ಟರಲ್ಲಿ ಬಾಸಿಂಗಕ್ಕೆ ಗಿರಾಕಿಗಳೂ ಕಡಿಮೆಯಾದರು. ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ಟೀಚರಿಗೆ ಯಾರೋ ಒಂದು ಶುಭಾಶಯದ ಕಾರ್ಡು ಕಳಿಸಿದ್ದರು. ಅಂಚಿನಿಂದ ಹೊರಗೆ ಚಾಚಿದ ಕಾಗದದ ಪಟ್ಟಿ ಎಳೆದರೆ ಹಕ್ಕಿ ಬಾಯಿ ತೆರೆಯುತ್ತಿತ್ತು. ನಾನು ಕೇಳದೆಯೇ ಅದನ್ನು ಬಿಚ್ಚಿ ಒಳಗೆ ನೋಡಿದೆ. ಬೈದರು. ಬೈಯಲಿ ಎಂದು ಮಾರನೆಯ ದಿನ ಅಂಥದೇ ಒಂದು ಮಾಡಿ ಕೊಟ್ಟೆ. ಅವರು ಎಳೆದರು, ಪಟ್ಟಿ ಕದಲಲಿಲ್ಲ.

"ಅಜ್ಜಿ, ನಿಮ್ಮ ಹಕ್ಕಿನೂ ನಿಮ್ಮ ಹಾಗೇ. ಎಷ್ಟು ಎಳೆದ್ರೂ ಬರೋದಿಲ್ಲ" ಎಂದು ನಕ್ಕರು.

ಕಸುಬಿನ ಚಟದಿಂದ ಮೂಲೆ ಮೂಲೆಗೂ ಅಂಟು ಬಳಿದಿದ್ದೆ. ಬಾಸಿಂಗದಲ್ಲಿ ಎಲ್ಲಿ ಅಂಟಿಸಬೇಕು ಎಂದು ತಿಳಿದರೆ ಸಾಕು. ಕಾರ್ಡಿನಲ್ಲಿ ಎಲ್ಲಿ ಅಂಟಿಸಬಾರದು ಎಂದು ತಿಳಿಯಬೇಕು. ಅದನ್ನು ಕಲಿಯಲು ನನಗೆ ಒಂದು ಮಳೆಗಾಲವೇ ಬೇಕಾಯಿತು. ಆಮೇಲೆ ಹಳೆಯ ಮದುವೆ ಕಾಗದಗಳ ರಟ್ಟಿನಲ್ಲಿ ಹಕ್ಕಿ, ಮೀನು, ರೆಪ್ಪೆ ಮುಚ್ಚುವ ಆನೆ, ಎಲ್ಲ ಮಾಡಿದೆ. ಹುಟ್ಟಿದ ದಿನಕ್ಕೆ ಅಂತ ಓಣಿಯವರು ಒಯ್ಯುತ್ತಾರೆ.

ಹೋದ ಮಾಘದಲ್ಲಿ ತಂಗಿಯ ಮಗಳು ಫೋನು ಮಾಡಿದಳು. ಅವಳನ್ನು ಕೊಟ್ಟದ್ದು ಯಲ್ಲಾಪುರಕ್ಕೆ. ತಾಯಿಗೆ ಲಕ್ವ ಹೊಡೆದದ್ದಕ್ಕೆ ಬಂದು ಸಿದ್ದಾಪುರದಲ್ಲೇ ಉಳಿದಿದ್ದಳು. "ಮಾತು ಹೋಯ್ತು ದೊಡ್ಡಮ್ಮ. ಬಲಗೈ ಬಲಗಾಲು ಎರಡೂ ಇಲ್ಲ. ಹೇಳಿದ್ದೆಲ್ಲ ತಿಳೀತದೆ" ಎಂದಳು. ಬಾ ಎಂದು ಅವಳು ಹೇಳಲಿಲ್ಲ. ಬರಲಾ ಎಂದು ನಾನೂ ಕೇಳಲಿಲ್ಲ. ಕೇಳಬೇಕಾದದ್ದು ತಂಗಿಯನ್ನು. ಬಾಯಿ ಇಲ್ಲದವಳು ಹೂಂ ಎಂದು ಹೇಗೆ ಹೇಳುತ್ತಾಳೆ, ಬೇಡ ಎಂದು ಹೇಗೆ ಹೇಳುತ್ತಾಳೆ? ಅದೊಂದೇ ಯೋಚನೆಯಾಯಿತು.

ಒಂದು ಕಾರ್ಡು ಮಾಡಿದೆ. ಬಲಕ್ಕೆ ಅವಳ ಮನೆ, ಎಡಕ್ಕೆ ಬೇಲಿ. ಬೇಲಿಯ ಹಿಂದೆ ಬೆಂಡಿನಲ್ಲಿ ಕತ್ತರಿಸಿದ ಒಬ್ಬ ಮುದುಕಿ. ಬಲಗಡೆಯ ಪಟ್ಟಿ ಎಳೆದರೆ ಮುದುಕಿ ಅಂಗಳ ದಾಟಿ ಬಾಗಿಲಿಗೆ ಬರುತ್ತಾಳೆ. ಪಟ್ಟಿ ಒಳಗೆ ದೂಡಿದರೆ ಬೇಲಿಯ ಹಿಂದಕ್ಕೆ ಹೋಗುತ್ತಾಳೆ. ಮಧ್ಯಾಹ್ನದ ಬಸ್ಸಿಗೆ ಹೊರಟೆ.

ತಂಗಿಯ ಮಗಳು ಬಾಗಿಲಲ್ಲೇ ನಿಂತಳು. "ಹನ್ನೊಂದು ವರ್ಷ ಆದ್ಮೇಲೆ ದಾರಿ ನೆನಪಾಯ್ತಾ?"

"ನಂಗಿಲ್ಲೆ. ಬಸ್ಸಿನವಂಗೆ ನೆನಪಿತ್ತು" ಎಂದೆ. ಅವಳು ಪಕ್ಕಕ್ಕೆ ಸರಿದಳು.

ತಂಗಿ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಬಾಯಿ ಒಂದು ಕಡೆ ಜಾರಿತ್ತು. ನನ್ನನ್ನು ನೋಡಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಷ್ಟು ಮಾಡಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಕಾರ್ಡನ್ನು ಅವಳ ಹೊಟ್ಟೆಯ ಮೇಲಿಟ್ಟು ಹೇಗೆ ಎಳೆಯುವುದೆಂದು ತೋರಿಸಿದೆ. "ಇದು ನಾನು. ಬರಲಿ ಅಂದ್ರೆ ಎಳಿ. ಬೇಡ ಅಂದ್ರೆ ದೂಡು" ಎಂದೆ.

ಆಗಲೇ ನನಗೆ ಹೊಳೆದದ್ದು, ಪಟ್ಟಿ ಇದ್ದದ್ದು ಬಲಗಡೆ. ಬಲಗೈ ಇಲ್ಲ ಎಂದು ಫೋನಿನಲ್ಲೇ ಕೇಳಿದ್ದೆ. ಆದರೂ ಶುಭದ್ದೆಲ್ಲ ಬಲಕ್ಕೆ ಎಂದು ಅರವತ್ತು ವರ್ಷ ಕೂತು ಮಾಡಿದ ಕೈ, ತನ್ನಷ್ಟಕ್ಕೇ ಬಲಗಡೆಗೇ ಇಟ್ಟಿತ್ತು. ತಂಗಿ ತನ್ನ ಸತ್ತ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತಂದು ಪಟ್ಟಿಯ ಮೇಲಿಟ್ಟಳು. ಅದು ಜಾರಿತು. ಮತ್ತೆ ಎತ್ತಿಟ್ಟಳು. ಮತ್ತೆ ಜಾರಿತು.

"ಎಡಗೈಯಲ್ಲೇ ಎಳಿಯೇ" ಎಂದೆ.

"ಎಡಗೈಯಲ್ಲಿ ಎಂತದೂ ತಗೊಳ್ಳದಿಲ್ಲ ಅವಳು. ಪ್ರಸಾದ ಕೊಟ್ರೂ ಬಾಯಿಗೇ ಹಾಕ್ಬೇಕು" ಎಂದಳು ಮಗಳು.

"ದೇವ್ರೇ ಬಲಗೈ ಕಿತ್ಕೊಂಡಾನೆ. ಎಡಗೈ ಯಾಕೆ ಅಂತ ಕೇಳೂಕೆ ಅವಂಗೆ ಬಾಯಿಲ್ಲ" ಎಂದೆ. ತಂಗಿಯ ಕಣ್ಣು ನನ್ನ ಕಡೆ ತಿರುಗಿತು.

ಕತ್ತರಿ ಕೇಳಿ ಇಸಕೊಂಡೆ. ಅಡುಗೆಮನೆಯಲ್ಲಿ ಮಗಳು ಮೈದಾ ಕುದಿಸಿ ಅಂಟು ಮಾಡಿ ತಂದಳು. ಮನೆಯನ್ನು ಕಿತ್ತು ಎಡಕ್ಕೆ ಹಚ್ಚಿದೆ, ಬೇಲಿಯನ್ನು ಬಲಕ್ಕೆ. ಪಟ್ಟಿಯನ್ನು ತಿರುಗಿಸಿ ಎಡಗಡೆ ಹೊರಗೆ ತಂದೆ. ತಂಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಪಟ್ಟಿ ಓರೆಯಾಗದಂತೆ ಹಿಡಿಯುವ ಅಡ್ಡ ಕಾಗದದ ತುದಿಗಳಿಗೆ ಅಂಟು ಹಚ್ಚುವಾಗ ಅವಳ ಎಡಗೈಯ ಬೆರಳು ಬಂದು ರಟ್ಟಿಗೆ ಎರಡು ಸಲ ಬಡಿಯಿತು. ನೋಡಿದರೆ ಅಂಟು ಜಾಸ್ತಿಯಾಗಿ ಪಟ್ಟಿಯ ಕಡೆ ಹರಿಯುತ್ತಿತ್ತು. ಸೆರಗಿನಲ್ಲಿ ಒರೆಸಿದೆ. ಅಪ್ಪ ಅವಳಿಗೆ ಕಲಿಸಿದ್ದು ದಂಡ ಆಗಿರಲಿಲ್ಲ. ಅದನ್ನು ಅಲ್ಲೇ ಬಾಯಿಬಿಟ್ಟು ಹೇಳಿದೆ. ಅವಳು ಮುಖ ತಿರುಗಿಸಲಿಲ್ಲ, ಅಷ್ಟೇ.

ಅಂಟು ಒಣಗುವವರೆಗೆ ಅದನ್ನು ಕಿಟಕಿಯಲ್ಲಿಟ್ಟೆ. ಆಮೇಲೆ ಕಾರ್ಡನ್ನು ಅವಳ ಎಡಗೈಯ ಹತ್ತಿರ ಇಟ್ಟೆ. ಅವಳು ಪಟ್ಟಿ ಹಿಡಿದು ಎಳೆದಳು. ಮುದುಕಿ ಬೇಲಿಯಿಂದ ಹೊರಟು ಬಾಗಿಲ ತನಕ ಬಂದಳು. ನಾನು ಉಸಿರು ಬಿಡುವಷ್ಟರಲ್ಲಿ ಪೂರಾ ದೂಡಿದಳು. ಮುದುಕಿ ಬೇಲಿಯ ಹಿಂದೆ ಹೋದಳು.

"ಅಮ್ಮಾ!" ಎಂದಳು ಮಗಳು.

"ಬಿಡೇ. ಕೇಳಿದ್ದು ನಾನು" ಎಂದೆ.

ತಂಗಿ ಮತ್ತೆ ಎಳೆದಳು, ಮತ್ತೆ ದೂಡಿದಳು. ಮೂರು ಸಲ ನನ್ನನ್ನು ಬಾಗಿಲಿಗೆ ಕರೆದು ಮೂರು ಸಲ ಅಟ್ಟಿದಳು. ಅಟ್ಟುವ ಹಕ್ಕು ಅವಳಿಗಿತ್ತು. ನಾಲ್ಕನೇ ಸಲ ಎಳೆದು ಅಂಗಳದ ನಡುವೆ ನಿಲ್ಲಿಸಿದಳು. ಅತ್ತ ಬಾಗಿಲೂ ಅಲ್ಲ, ಇತ್ತ ಬೇಲಿಯೂ ಅಲ್ಲ. ಅಲ್ಲೇ ಪಟ್ಟಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಕಣ್ಣು ಮುಚ್ಚಿದಳು.

ಶಿರಸಿಯ ಬಸ್ಸಿಗೆ ಹೊತ್ತಾಗಿತ್ತು. ಮಗಳು ನನ್ನ ಮುಖ ನೋಡಿದಳು. "ಊಟಕ್ಕೆ ಹಾಕು" ಎಂದೆ. ಆ ಮನೆಯಲ್ಲಿ ನನ್ನದೊಂದು ಊಟ ಬಾಕಿ ಇತ್ತು. ಬಟ್ಟಲು ಮಂಚದ ಹತ್ತಿರವೇ ತರಿಸಿಕೊಂಡು, ತಂಗಿಗೆ ಕಾಣುವಂತೆ ಕೂತು, ಪೂರ್ತಿ ಉಂಡೆ.